66ನೇ ನಂಬರ್ ರಸ್ತೆ: ಹೊತ್ತು ಮುಳುಗಿದ ಮೇಲೆ ಯಾರದು?

ಅಮೆರಿಕಾದ ರಸ್ತೆ ಅಂದರೆ ನಮ್ಮ ಹುಡುಗರಿಗೆ ಒಂದು ಮೋಹ. ಸಿನಿಮಾದಲ್ಲಿ ನೋಡಿದ್ದಾರಲ್ಲ! ಮುಗಿಲು ಮುಟ್ಟುವ ಹಾಗೆ ನೆಟ್ಟಗೆ ಹೋದ ಕಪ್ಪು ಡಾಂಬರು, ಎರಡೂ ಮಗ್ಗುಲಲ್ಲಿ ಕಣ್ಣು ಹಾಯುವಷ್ಟು ಬಯಲು, ತಲೆ ಮೇಲೆ ಹೊದಿಕೆ ಇಲ್ಲದ ಕಾರು, ಅದರೊಳಗೆ ಹಾಡಿಕೊಂಡು ಹೋಗುವ ಜೋಡಿ. ಈ ಚಿತ್ರದ ಹಿಂದೆ ನಿಜವಾದ ಒಂದು ರಸ್ತೆ ಇದೆ. ಅದಕ್ಕೆ ರಾಜನ ಹೆಸರಿಲ್ಲ, ದೇವರ ಹೆಸರಿಲ್ಲ, ಬರೀ ಒಂದು ನಂಬರು. ರೂಟ್ 66. ಚಿಕಾಗೋದಲ್ಲಿ ಹೊರಟು ಇಲಿನಾಯ್, ಮಿಸ್ಸೌರಿ, ಕಾನ್ಸಾಸ್, ಓಕ್ಲಹೋಮ, ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಾ ದಾಟಿ ಕ್ಯಾಲಿಫೋರ್ನಿಯಾದ ಕಡಲ ದಂಡೆ ಮುಟ್ಟುವ, ಸುಮಾರು 2,400 ಮೈಲಿ ಉದ್ದದ ಹಾದಿ. ಕಾನ್ಸಾಸಿನ ಪಾಲಿಗೆ ಸಿಕ್ಕಿದ್ದು ಅದರಲ್ಲಿ ಬರೀ 13 ಮೈಲಿ. ಅಷ್ಟಕ್ಕೇ ಆ ರಾಜ್ಯದವರು ಬೀಗುತ್ತಾರೆ ಅಂದರೆ ರಸ್ತೆಯ ಖ್ಯಾತಿ ಎಷ್ಟೆಂದು ಊಹಿಸಿ.

1926ರಲ್ಲಿ ಹುಟ್ಟಿದ ಈ ರಸ್ತೆಗೆ 2026 ನೂರನೇ ವರ್ಷ. ನೂರು ತುಂಬಿದ ಯಾವುದಕ್ಕೂ ಹೂವಿನ ಹಾರ ಹಾಕುವುದು ಲೋಕರೂಢಿ. ಹಾಕುವವರು ಹಾಕಲಿ. ನಮಗೆ ಬೇಕಾದದ್ದು ಬೇರೆ ಲೆಕ್ಕ. ಈ ರಸ್ತೆಯ ಮೇಲೆ ವಿಹಾರಕ್ಕೆ ಹೋದವರು ಯಾರು, ಹೊಟ್ಟೆಪಾಡಿಗೆ ಗುಳೆ ಹೋದವರು ಯಾರು, ಹೊತ್ತು ಮುಳುಗುವುದರೊಳಗೆ ಈ ಊರು ದಾಟಿಬಿಡಬೇಕು ಅಂತ ಎದೆ ಬಡಿದುಕೊಳ್ಳುತ್ತ ಕಾರು ಓಡಿಸಿದವರು ಯಾರು? ರಸ್ತೆ ಒಂದೇ, ಡಾಂಬರು ಒಂದೇ. ಅದರ ಮೇಲೆ ಹೋದ ಜನ್ಮಗಳು ಮಾತ್ರ ಒಂದೇ ಆಗಿರಲಿಲ್ಲ.

ರಸ್ತೆಗಿಂತ ಮುಂಚೆ ಕಾಲುದಾರಿ ಇತ್ತು. ಆ ನೆಲದ ಮೂಲನಿವಾಸಿಗಳು ತುಳಿದು ಮಾಡಿದ ದಾರಿಗಳವು. 1857ರಲ್ಲಿ ಎಡ್ವರ್ಡ್ ಬೀಲ್ ಎಂಬ ಸರ್ಕಾರಿ ಅಧಿಕಾರಿ 35ನೇ ಅಕ್ಷಾಂಶದ ಗುಂಟ ಒಂದು ಬಂಡಿಜಾಡು ಮಾಡಿಕೊಂಡು ಹೋದ. ಮರಳುಗಾಡಿನಲ್ಲಿ ಸಾಮಾನು ಹೊರಲು ಅವನ ಜೊತೆಗೆ ಒಂಟೆಗಳಿದ್ದವು, ಸಮುದ್ರದಾಚೆಯಿಂದ ತರಿಸಿದ ಒಂಟೆಗಳು! ಪಶ್ಚಿಮದ ಕಡೆ 66 ಹಿಡಿದದ್ದು ಹೆಚ್ಚುಕಮ್ಮಿ ಅದೇ ಜಾಡು. ಪೂರ್ವದ ಕಡೆಗೆ ಇನ್ನೊಂದು ನೆನಪಿದೆ. 1838-39ರಲ್ಲಿ ಚೆರೋಕೀ ಜನರನ್ನು ಅವರ ಹೊಲಮನೆಗಳಿಂದ ಬಂದೂಕು ತೋರಿಸಿ ಎಬ್ಬಿಸಿ, ಈಗಿನ ಓಕ್ಲಹೋಮಕ್ಕೆ ನಡೆಸಿಕೊಂಡು ಬಂದರು. ಚಳಿಗೆ, ಹಸಿವಿಗೆ, ರೋಗಕ್ಕೆ ಸಾವಿರಾರು ಜನ ಸತ್ತರು. ಅದನ್ನು ಕಣ್ಣೀರಿನ ಹಾದಿ ಅನ್ನುತ್ತಾರೆ. ಮಿಸ್ಸೌರಿಯಲ್ಲಿ ಆ ಹಾದಿಯ ಒಂದು ಕವಲೂ 66ರ ಹಾದಿಯೂ ಹಲವು ಕಡೆ ಅಕ್ಕಪಕ್ಕದಲ್ಲೇ ಸಾಗುತ್ತವೆ. ಪ್ರವಾಸಿ ಭೂಪಟಗಳಲ್ಲಿ ಒಂದನ್ನು ದಪ್ಪಗೆ ಬರೆದಿರುತ್ತಾರೆ, ಇನ್ನೊಂದನ್ನು ಹುಡುಕಬೇಕು.

ಮೋಟಾರು ಬಂದ ಮೇಲೆ ರಸ್ತೆಗೆ ರೊಕ್ಕದ ಕಣ್ಣು ಬಿತ್ತು. 1913ರಲ್ಲೇ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಲಿಂಕನ್ ಹೆಸರಿನಲ್ಲಿ ಒಂದು ಹೆದ್ದಾರಿ ಗುರುತಿಸಿದ್ದರು. ಹೀಗೆ ಒಬ್ಬೊಬ್ಬ ವ್ಯಾಪಾರಿ ಸಂಘ ಒಂದೊಂದು ಹೆಸರಿಟ್ಟು, ಒಂದೊಂದು ಬಣ್ಣದ ಪಟ್ಟಿ ಬಳಿದು ರಸ್ತೆ ಮಾಡಿ ಗೋಜಲಾದಾಗ ಸರ್ಕಾರವೇ ನಂಬರು ಹಾಕಲು ಕೂತಿತು. ಓಕ್ಲಹೋಮದ ಟಲ್ಸಾ ಊರಿನ ಸೈರಸ್ ಏವರಿ ಆ ಸಮಿತಿಯಲ್ಲಿದ್ದ. ಎಣ್ಣೆ ಮತ್ತು ಜಮೀನಿನ ವ್ಯವಹಾರಸ್ಥ. ಚಿಕಾಗೋದಿಂದ ಲಾಸ್ ಏಂಜಲೀಸಿಗೆ ಹೋಗುವ ದಾರಿ ತನ್ನ ಊರಿನ ಮೇಲೇ ಹಾಯಬೇಕು ಎಂದು ಪಟ್ಟು ಹಿಡಿದು ಬಾಗಿಸಿಕೊಂಡ. ಅವನಿಗೆ ಬೇಕಾಗಿದ್ದ ನಂಬರು 60. ಕೆಂಟಕಿಯ ಗವರ್ನರ್ ಅದು ನಮಗೇ ಬೇಕು ಎಂದು ಹಠ ಹಿಡಿದ. ಕೊನೆಗೆ 1926ರ ಏಪ್ರಿಲ್ 30ರಂದು ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಿಂದ ವಾಷಿಂಗ್ಟನ್ನಿಗೆ ತಂತಿ ಹೋಯಿತು, 66 ಆದರೂ ಸರಿ ಅಂತ. ನವೆಂಬರ್ 11ಕ್ಕೆ ನಂಬರು ಗಟ್ಟಿಯಾಯಿತು. ಆ ಒಂದು ತಂತಿಯ ಕಾರಣಕ್ಕೆ ಸ್ಪ್ರಿಂಗ್‌ಫೀಲ್ಡ್ ತನ್ನನ್ನು ರಸ್ತೆಯ ಹುಟ್ಟೂರು ಎಂದು ಕರೆದುಕೊಳ್ಳುತ್ತದೆ. ಅದೇ ಊರಿನ ನಡುಚೌಕದಲ್ಲಿ, ಮುಂದೆ 66 ಹಾದುಹೋದ ಅದೇ ಚೌಕದಲ್ಲಿ, 1906ರ ಏಪ್ರಿಲ್‌ನಲ್ಲಿ ಮೂವರು ಕರಿಯರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದು ತಂದು ನೇಣು ಹಾಕಿ ಸುಟ್ಟಿತ್ತು. ಸಾವಿರಾರು ಜನ ಜಾತ್ರೆಯ ಹಾಗೆ ನೆರೆದು ನೋಡಿದ್ದರು. ಹುಟ್ಟೂರಿನ ಕಥೆ ಹೇಳುವಾಗ ಎರಡನ್ನೂ ಹೇಳಬೇಕು ತಾನೆ?

ಹಾಗೆಂದು ರಸ್ತೆಯ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಸೊಗಸು ಇದೆ. ಈ ರಸ್ತೆ ಊರನ್ನು ಬಳಸಿಕೊಂಡು ಹೋಗುತ್ತಿರಲಿಲ್ಲ, ಊರಿನ ಹೊಟ್ಟೆಯ ಮೇಲೇ ಹೋಗುತ್ತಿತ್ತು. ಕ್ಷೌರದಂಗಡಿ, ಶಾಲೆ, ಇಗರ್ಜಿ, ಸಂತೆ, ಎಲ್ಲದರ ಮುಂದೆ ಹಾದುಹೋಗಬೇಕು. ಓಕ್ಲಹೋಮದ ಮಯಾಮಿ ಮತ್ತು ಆಫ್ಟನ್ ಊರುಗಳ ನಡುವೆ ಹಳೆಯ ತುಂಡೊಂದಿದೆ, ಅಗಲ ಬರೀ ಒಂಬತ್ತಡಿ. ಎದುರಿಗೊಂದು ಕಾರು ಬಂದರೆ ಇಬ್ಬರೂ ಒಂದೊಂದು ಮಗ್ಗುಲು ಗಾಲಿಯನ್ನು ಮಣ್ಣಿಗೆ ಇಳಿಸಬೇಕು. ಅರಿಜೋನಾದ ಓಟ್‌ಮನ್ ಘಟ್ಟದಲ್ಲಿ ಇನ್ನೊಂದು ತಮಾಷೆ. ಆಗಿನ ಕಾರುಗಳಲ್ಲಿ ಪೆಟ್ರೋಲು ಟ್ಯಾಂಕಿಯಿಂದ ತಾನಾಗಿ ಇಳಿದು ಇಂಜಿನ್ನಿಗೆ ಬರಬೇಕಾಗಿತ್ತು. ಏರು ಕಡಿದಾದಾಗ ಟ್ಯಾಂಕಿ ಕೆಳಗಾಗಿ ಇಂಜಿನ್ ಮೇಲಾಗಿಬಿಡುತ್ತಿತ್ತು. ಅದಕ್ಕೆ ಜನ ಗಾಡಿ ತಿರುಗಿಸಿ ಹಿಂದುಹಿಂದಕ್ಕೆ ಘಟ್ಟ ಹತ್ತುತ್ತಿದ್ದರು! ಪೂರ್ತಿ ಹಾದಿಗೆ ಗಟ್ಟಿ ಹಾಸು ಬಿದ್ದದ್ದು 1938ರ ಹೊತ್ತಿಗೆ, ಅದೂ ಕೆಲಸ ಕಳಕೊಂಡ ಸಾವಿರಾರು ಹುಡುಗರಿಗೆ ಸರ್ಕಾರ ಕೂಲಿ ಕೊಟ್ಟು ಮಾಡಿಸಿದ ಮೇಲೆ. ಹೋಗುತ್ತ ಹೋಗುತ್ತ ಭಾಷೆ ಬದಲಾಗುತ್ತದೆ, ಮಣ್ಣಿನ ಬಣ್ಣ ಬದಲಾಗುತ್ತದೆ, ಜೋಳದ ಹೊಲ ಮುಗಿದು ಕೆಂಪು ಮಣ್ಣು, ಅದು ಮುಗಿದು ಮರಳುಗಾಡು. ನಾಳೆ ಇನ್ನೊಂದು ಊರು ಅನ್ನುವ ಆಸೆ ಮನುಷ್ಯನಿಗೆ ಸಹಜ. ಆ ಆಸೆ ಕರಿಯನಿಗೂ ಇತ್ತು, ಮೂಲನಿವಾಸಿಗೂ ಇತ್ತು. ನಾವು ಹೇಳಹೊರಟಿರುವುದು ಅದನ್ನೇ.

1928ರಲ್ಲಿ ರಸ್ತೆಯ ಪ್ರಚಾರಕ್ಕಾಗಿ ಒಂದು ಓಟದ ಪಂದ್ಯ ಏರ್ಪಾಟಾಯಿತು. ಲಾಸ್ ಏಂಜಲೀಸಿನಿಂದ 66ರ ಗುಂಟ ಚಿಕಾಗೋ, ಅಲ್ಲಿಂದ ನ್ಯೂಯಾರ್ಕ್. ಓಡಲು ನಿಂತವರು 199 ಜನ, ಮುಟ್ಟಿದವರು 55. ಗೆದ್ದವನು ಆಂಡಿ ಪೇನ್, ಓಕ್ಲಹೋಮದ ಚೆರೋಕೀ ಹುಡುಗ, ರಸ್ತೆಯ ಪಕ್ಕದ ಊರಿನವನೇ. ಬಹುಮಾನ 25,000 ಡಾಲರ್. ಅಜ್ಜಂದಿರನ್ನು ನಡೆಸಿಕೊಂಡು ಬಂದ ನೆಲದ ಮೇಲೆ ಮೊಮ್ಮಗ ಓಡಿ ಗೆದ್ದ. ಈ ಭಾಗ ಎಲ್ಲ ಪುಸ್ತಕಗಳಲ್ಲೂ ಇದೆ. ಅದೇ ಪಂದ್ಯದಲ್ಲಿ ಎಡ್ಡಿ ಗಾರ್ಡ್ನರ್ ಎಂಬ ಕರಿಯ ಓಟಗಾರನೂ ಇದ್ದ, ಮುಂಚೂಣಿಯವರಲ್ಲೊಬ್ಬ. ಟೆಕ್ಸಾಸ್ ಹೊಕ್ಕ ಕೂಡಲೆ ಬೆದರಿಕೆ ಶುರುವಾಯಿತು. ಓಕ್ಲಹೋಮದಲ್ಲಿ ಒಬ್ಬ ಬಿಳಿಯ ರೈತ ಬಂದೂಕನ್ನು ಅವನ ಬೆನ್ನಿಗೆ ಗುರಿಯಿಟ್ಟುಕೊಂಡು ಇಡೀ ದಿನ ಹಿಂದೆಯೇ ಬಂದ. ಬಿಳಿಯನೊಬ್ಬನನ್ನು ಹಿಂದೆ ಹಾಕಿದೆಯೋ, ಗುಂಡು ಹಾರಿತು ಅಂತ. ಕಾಲಿನಲ್ಲಿ ಶಕ್ತಿ ಇದ್ದೂ ಗಾರ್ಡ್ನರ್ ನಿಧಾನಿಸಬೇಕಾಯಿತು. ಅಷ್ಟಾಗಿಯೂ ನ್ಯೂಯಾರ್ಕಿಗೆ ಎಂಟನೆಯವನಾಗಿ ಬಂದ. ಅರ್ಹತೆ, ಅರ್ಹತೆ ಅಂತ ಬಾಯಿ ಬಡಿದುಕೊಳ್ಳುವವರು ನಮ್ಮಲ್ಲೂ ಇದ್ದಾರಲ್ಲ, ಆ ಎಂಟನೇ ಸ್ಥಾನದ ಬಗ್ಗೆ ಒಂದು ಗಳಿಗೆ ಯೋಚಿಸಲಿ.

ಆಮೇಲೆ ಬಂದದ್ದು ಗುಳೆಯ ಕಾಲ. ಬಯಲುಸೀಮೆಯ ಹುಲ್ಲನ್ನೆಲ್ಲ ಕಿತ್ತು ಗೋಧಿ ಬಿತ್ತಿದ್ದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ ಹಿಡಿದಿಡುವ ಬೇರಿಲ್ಲದ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರ ಭಾನುವಾರ ಹಗಲೇ ಕತ್ತಲಾಯಿತು. ಇದಿಷ್ಟೇ ಹೇಳಿದರೆ ದೈವದ ಮೇಲೆ ಹಾಕಿ ಕೈ ತೊಳೆದುಕೊಂಡ ಹಾಗಾಗುತ್ತದೆ. 1933ರಲ್ಲಿ ಸರ್ಕಾರ ಬೆಲೆ ಏರಿಸಲೆಂದು ಬೆಳೆ ಕಮ್ಮಿ ಮಾಡುವ ಜಮೀನುದಾರರಿಗೆ ಹಣ ಕೊಡುವ ಕಾನೂನು ತಂದಿತು. ಹಣ ಯಾರ ಕೈಗೆ ಬಂತು? ಒಡೆಯನ ಕೈಗೆ. ಒಡೆಯ ಏನು ಮಾಡಿದ? ಹೊಲ ಬೀಳು ಬಿಟ್ಟ, ಟ್ರಾಕ್ಟರ್ ಕೊಂಡ, ಗೇಣಿದಾರನನ್ನೂ ಪಾಲಿಗೆ ಮಾಡುವವನನ್ನೂ ಗುಡಿಸಲು ಬಿಡಿಸಿ ಅಟ್ಟಿದ. ಉಳುವವನೇ ಹೊಲದ ಒಡೆಯನಾಗಿದ್ದರೆ ಆ ದುಡ್ಡು ಹೀಗೆ ಅವನ ಮೇಲೇ ತಿರುಗಿ ಬೀಳುತ್ತಿತ್ತೇ? ಒಕ್ಕಲೆದ್ದವರಲ್ಲಿ ಬಿಳಿಯರೂ ಇದ್ದರು, ಕರಿಯರೂ ಇದ್ದರು. ಹಾಸಿಗೆ, ಒಲೆ, ಕೋಳಿಪಂಜರ, ಮಕ್ಕಳು, ಮುದುಕಿ ಎಲ್ಲವನ್ನೂ ಮುರುಕು ಮೋಟಾರಿನ ಮೇಲೆ ಹೇರಿಕೊಂಡು 66 ಹಿಡಿದು ಪಶ್ಚಿಮಕ್ಕೆ ನಡೆದರು. ಸ್ಟೈನ್‌ಬೆಕ್ 1939ರ ತನ್ನ ಕಾದಂಬರಿಯಲ್ಲಿ ಈ ರಸ್ತೆಯನ್ನು ತಾಯಿ ಎಂದು ಕರೆದದ್ದು ಈ ಜನರ ಕಣ್ಣಿನಿಂದ. ಈಗ ಆ ಹೆಸರನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ, ಆ ಮಾತು ಬೇರೆ.

ಕ್ಯಾಲಿಫೋರ್ನಿಯಾ ಅವರನ್ನು ಆರತಿ ಎತ್ತಿ ಕರೆಯಲಿಲ್ಲ. 1936ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸಿನ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ 136 ಪೊಲೀಸರನ್ನು ರಾಜ್ಯದ ಗಡಿಗೆ ಕಳಿಸಿದ. ಊರಿನ ಪೊಲೀಸರಿಗೆ ನೂರಾರು ಮೈಲಿ ಆಚೆಯ ಗಡಿಯಲ್ಲಿ ಏನು ಕೆಲಸ ಅಂತ ಕೇಳಬೇಡಿ. ಕೈಯಲ್ಲಿ ಕಾಸು ಇಲ್ಲದವನನ್ನು ಹಿಂದಕ್ಕೆ ಕಳಿಸುವುದೇ ಕೆಲಸ. ತಮ್ಮದೇ ದೇಶದ, ತಮ್ಮದೇ ಬಣ್ಣದ ಬಡವರನ್ನು ತಡೆದರು. ಓಕಿಗಳು ಅಂತ ಹೊಸ ಬೈಗುಳ ಹುಟ್ಟಿಸಿದರು. ಬಡವನೆಂದು ಗೊತ್ತಿದ್ದೂ ಹೊರಗಿನವನನ್ನು ರಾಜ್ಯದೊಳಕ್ಕೆ ಕರೆತಂದರೆ ಅಪರಾಧ ಎನ್ನುವ ಕಾನೂನೂ ಅಲ್ಲಿತ್ತು. ಎಡ್ವರ್ಡ್ಸ್ ಎಂಬ ಮನುಷ್ಯ ಟೆಕ್ಸಾಸಿನಿಂದ ತನ್ನ ಹೆಂಡತಿಯ ತಮ್ಮನನ್ನು ಕಾರಿನಲ್ಲಿ ಕರೆತಂದದ್ದಕ್ಕೆ ಶಿಕ್ಷೆಯಾಯಿತು. ಅವನು ಸುಮ್ಮನಾಗಲಿಲ್ಲ. 1941ರ ನವೆಂಬರಿನಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು ಆ ಕಾನೂನನ್ನು ತೆಗೆದುಹಾಕಿತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲು ಬಡತನ ಅಡ್ಡಿಯಾಗಕೂಡದು ಎನ್ನುವುದು ರಸ್ತೆ ಹುಟ್ಟಿ ಹದಿನೈದು ವರ್ಷವಾದ ಮೇಲೆ ಕೋರ್ಟಿನ ಬಾಯಿಂದ ಬಂತು.

ಓಕಿಗಳ ಕಷ್ಟ ದೊಡ್ಡದು. ಆದರೂ ಅವರಿಗೆ ರಾತ್ರಿ ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿ ಮಲಗುವ ಹಕ್ಕಿತ್ತು. ಕರಿಯನಿಗೆ ಅದೂ ಇರಲಿಲ್ಲ. ಸಂಶೋಧಕಿ ಕ್ಯಾಂಡಸಿ ಟೇಲರ್ ಅವರ ಲೆಕ್ಕದಲ್ಲಿ 66 ಹಾದುಹೋಗುವ 89 ಕೌಂಟಿಗಳಲ್ಲಿ 44, ಅಂದರೆ ಹೆಚ್ಚುಕಮ್ಮಿ ಅರ್ಧ, ಕರಿಯರು ಹೊತ್ತು ಮುಳುಗಿದ ಮೇಲೆ ಇರಕೂಡದ ಸೀಮೆಗಳು. ಕೆಲವು ಕಡೆ ಊರಬಾಗಿಲಲ್ಲೇ ಬೋರ್ಡು, ಕೆಲವು ಕಡೆ ಬೋರ್ಡಿಲ್ಲದ ಕಟ್ಟಳೆ. ಮಿಸ್ಸೌರಿ, ಟೆಕ್ಸಾಸ್ ಬಿಡಿ, ಉತ್ತರದ ಇಲಿನಾಯ್‌ನಲ್ಲೂ ಇತ್ತು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ 1955ರ ಸುಮಾರಿಗೆ ನೂರಕ್ಕೂ ಹೆಚ್ಚು ಮೋಟೆಲುಗಳಿದ್ದವು, ಕರಿಯರಿಗೆ ಕೋಣೆ ಕೊಡುತ್ತಿದ್ದವು ನೂರಕ್ಕೆ ಆರರಷ್ಟೂ ಇಲ್ಲ. ಆದ್ದರಿಂದ ಕರಿಯ ಸಂಸಾರ ಪ್ರಯಾಣ ಹೊರಡುವುದೆಂದರೆ ಬುತ್ತಿ ಕಟ್ಟಿಕೊಳ್ಳಬೇಕು, ನೀರು, ಹೊದಿಕೆ, ಹೆಚ್ಚುವರಿ ಪೆಟ್ರೋಲು ಇಟ್ಟುಕೊಳ್ಳಬೇಕು, ಮಕ್ಕಳಿಗೆ ಕಕ್ಕಸಿಗೆ ಜಾಗ ಕೊಡುವುದಿಲ್ಲವೆಂದು ಡಬ್ಬವನ್ನೂ ಇಟ್ಟುಕೊಳ್ಳಬೇಕು. ಒಳ್ಳೆ ಕಾರಿದ್ದವನು ಡ್ರೈವರನ ಟೋಪಿಯೊಂದನ್ನು ಜೊತೆಗಿಟ್ಟುಕೊಳ್ಳುತ್ತಿದ್ದ. ಪೊಲೀಸನು ನಿಲ್ಲಿಸಿ ಕಾರು ಯಾರದೋ ಅಂದರೆ, ಧಣಿಗಳದು ಸ್ವಾಮಿ, ನಾನು ಡ್ರೈವರು ಅನ್ನಬೇಕು. ಪಕ್ಕದಲ್ಲಿ ಕೂತ ಹೆಂಡತಿಯನ್ನು ಧಣಿಯ ಮನೆಯ ಕೆಲಸದವಳು ಅನ್ನಬೇಕು.

ಇದನ್ನು ಓದುವಾಗ ನಮಗೆ ಬಾಬಾಸಾಹೇಬರ ಬಾಲ್ಯದ ಪ್ರಯಾಣ ನೆನಪಾಗದೆ ಇರುತ್ತದೆಯೇ? 1901ರಲ್ಲಿ ತಂದೆಯನ್ನು ನೋಡಲು ಹೊರಟ ಆ ಹುಡುಗರನ್ನು ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು ಗಾಡಿ ತಾವೇ ಹೊಡೆದುಕೊಂಡು ಹೋಗಬೇಕಾಯಿತು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ರಾತ್ರಿ ಸುಂಕದಕಟ್ಟೆಯಲ್ಲಿ ನೀರು ಕೇಳುವಾಗ ಮುಸಲ್ಮಾನರೆಂದು ಸುಳ್ಳು ಹೇಳಿದರೂ ನೀರು ಹುಟ್ಟಲಿಲ್ಲ. ಆ ಡ್ರೈವರನ ಟೋಪಿಯೂ ಈ ಸುಳ್ಳು ಹೆಸರೂ ಒಂದೇ ಅಂಗಡಿಯ ಮಾಲು.

ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ವಾಸವಿದ್ದ ವಿಕ್ಟರ್ ಗ್ರೀನ್ ಎಂಬವರು ಅಂಚೆ ಪೇದೆ. ಮನೆಮನೆಗೆ ಕಾಗದ ಹಂಚುವವರಿಗೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದು ಚೆನ್ನಾಗಿ ಗೊತ್ತು. 1936ರಲ್ಲಿ ಅವರು ಕರಿಯ ಪ್ರಯಾಣಿಕರಿಗಾಗಿ ಒಂದು ಸಣ್ಣ ಪುಸ್ತಕ ತಂದರು. ಯಾವ ಊರಿನಲ್ಲಿ ಯಾರ ಮನೆಯಲ್ಲಿ ಮಲಗಬಹುದು, ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಕೂದಲು ಕತ್ತರಿಸುತ್ತಾರೆ, ಎಲ್ಲಿ ಪೆಟ್ರೋಲು ಹಾಕುತ್ತಾರೆ. ಅಷ್ಟೇ, ಬರೀ ವಿಳಾಸಗಳು. ಮೊದಲ ವರ್ಷ ನ್ಯೂಯಾರ್ಕ್ ಸುತ್ತಮುತ್ತಲಿನದು, ಆಮೇಲೆ ಇಡೀ ದೇಶದ್ದು. ಬೇರೆ ಊರುಗಳ ಓದುಗರೂ ವಿಳಾಸ ಬರೆದು ಕಳಿಸುತ್ತಿದ್ದರು. ಎಸ್ಸೋ ಕಂಪನಿಯ ಪೆಟ್ರೋಲ್ ಬಂಕುಗಳಲ್ಲಿ ಅದು ಮಾರಾಟವಾಗುತ್ತಿತ್ತು. ಜನ ಅದನ್ನು ಗ್ರೀನ್ ಪುಸ್ತಕ ಎಂದೇ ಕರೆದರು. 1960ರಲ್ಲಿ ಗ್ರೀನ್ ತೀರಿಕೊಂಡ ಮೇಲೆ ಅವರ ಪತ್ನಿ ಆಲ್ಮಾ ಮುಂದುವರಿಸಿದರು. ಇದು ಬೇಡವಾಗುವ ಕಾಲ ಬರಲಿ ಎಂದು ಆಶಿಸಿ ಪುಸ್ತಕ ಮಾಡಿದ ಪ್ರಕಾಶಕರು ಲೋಕದಲ್ಲಿ ಎಷ್ಟು ಜನ ಇದ್ದಾರು! ದೊಡ್ಡ ಸಾಹಿತ್ಯದ ಚರಿತ್ರೆಗಳಲ್ಲಿ ಈ ಪುಸ್ತಕಕ್ಕೆ ಜಾಗವಿಲ್ಲ. ನಮ್ಮ ಮಟ್ಟಿಗೆ, ಓದಿದವನ ಜೀವ ಉಳಿಸಿದ ಪುಸ್ತಕವನ್ನು ಸಾಹಿತ್ಯ ಅಲ್ಲ ಅನ್ನಲು ಬಾಯಿ ಬರುವುದಿಲ್ಲ.

ಓಕ್ಲಹೋಮದಲ್ಲಿ ಟಲ್ಸಾದಿಂದ ಓಕ್ಲಹೋಮ ಸಿಟಿಗೆ ನೂರು ಮೈಲಿಯ ಆಜುಬಾಜು. 66ರ ಇಡೀ ಕಥೆ ಬೇಕಾದವರು ಈ ನೂರು ಮೈಲಿ ನೋಡಿದರೆ ಸಾಕು. ಟಲ್ಸಾದಲ್ಲಿ ಗ್ರೀನ್‌ವುಡ್ ಎಂಬ ಕರಿಯರ ಕೇರಿ ಇತ್ತು. ಕೇರಿ ಅಂದ ಕೂಡಲೆ ಮುರುಕು ಗುಡಿಸಲು ಎಂದುಕೊಳ್ಳಬೇಡಿ. ಬಿಳಿಯರ ಅಂಗಡಿಯಲ್ಲಿ ಒಳಗೆ ಬಿಡುವುದಿಲ್ಲ ಎಂದಾದ ಮೇಲೆ ಜನ ತಮ್ಮ ಕೇರಿಯಲ್ಲೇ ಹೋಟೆಲು, ಥಿಯೇಟರು, ಆಸ್ಪತ್ರೆ, ಪತ್ರಿಕೆ ಕಟ್ಟಿಕೊಂಡಿದ್ದರು. 1921ರ ಮೇ 31ರ ರಾತ್ರಿ, ಜೂನ್ 1ರ ಬೆಳಗ್ಗೆ ಬಿಳಿಯರ ಗುಂಪು ನುಗ್ಗಿ 35 ಬೀದಿಗಟ್ಟೆಗಳನ್ನು ಸುಟ್ಟಿತು. ಸಾವಿರಕ್ಕೂ ಹೆಚ್ಚು ಮನೆ ಬೂದಿಯಾದವು. ಆಗಿನ ಸರ್ಕಾರಿ ಲೆಕ್ಕದಲ್ಲಿ ಸತ್ತವರು 36, ಇತಿಹಾಸಕಾರರು 300ರವರೆಗೂ ಹೇಳುತ್ತಾರೆ. ಕೊಂದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಇದಾದ ಐದೇ ವರ್ಷಕ್ಕೆ 66 ಅದೇ ಊರಿಗೆ ಬಂತು. ಗ್ರೀನ್‌ವುಡ್‌ನ ಜನ ಅಷ್ಟರಲ್ಲಿ ಮತ್ತೆ ಗೋಡೆ ಎಬ್ಬಿಸಿದ್ದರು.

ಅಲ್ಲಿಂದ ಪಶ್ಚಿಮಕ್ಕೆ ಬಂದರೆ ಲೂಥರ್ ಎಂಬ ಸಣ್ಣ ಊರಿನ ಹತ್ತಿರ ಕಲ್ಲಿನ ಒಂದು ಪೆಟ್ರೋಲ್ ಬಂಕು. ಥ್ರೆಟ್ ಎಂಬ ಕರಿಯ ರೈತ ಮನೆತನದ್ದು. ತಮ್ಮ ಹೊಲದ ಕಲ್ಲುಕ್ವಾರಿಯಲ್ಲೇ ಕಲ್ಲು ಸೀಳಿ ಆಲನ್ ಥ್ರೆಟ್ 1915ರ ಸುಮಾರಿಗೆ ಕಟ್ಟಿಸಿದ್ದು. ಬಣ್ಣಭೇದದ ಆ ಕಾಲದಲ್ಲಿ ಇಡೀ 66ರ ಮೇಲೆ ಕರಿಯರದೇ ಒಡೆತನದಲ್ಲಿ ನಡೆದ ಪೆಟ್ರೋಲ್ ಬಂಕು ಎಂದು ಗೊತ್ತಿರುವುದು ಇದೊಂದೇ. ಅಲ್ಲೇ ಬೇಸ್‌ಬಾಲ್ ಬಯಲು, ಹಾಡು ಕುಣಿತಕ್ಕೆ ಕಟ್ಟೆ. ಟಲ್ಸಾದಿಂದ ಜೀವ ಉಳಿಸಿಕೊಂಡು ಬಂದ ಕೆಲವರಿಗೆ ಈ ಜಾಗ ಆಸರೆಯಾಗಿತ್ತೆಂಬ ಮಾತೂ ಇದೆ. ಕರಿಯ ಪ್ರಯಾಣಿಕ ಅಲ್ಲಿ ಗಾಡಿ ನಿಲ್ಲಿಸಿ, ತಲೆ ಎತ್ತಿಕೊಂಡು ಇಳಿದು, ನೀರು ಕುಡಿದು, ಕಕ್ಕಸಿಗೆ ಹೋಗಿಬಂದು ಎರಡು ಮಾತಾಡಬಹುದಿತ್ತು. ಅಲ್ಲಿಂದ ಹೊರಟರೆ ಒಂದು ಗಂಟೆಯೊಳಗೆ ಎಡ್ಮಂಡ್ ಊರು. ಆ ಊರಿನ ರಸ್ತೆಬದಿಯ ಹೋಟೆಲೊಂದು 1940ರ ದಶಕದಲ್ಲಿ ಚಿತ್ರದ ಕಾರ್ಡು ಅಚ್ಚು ಹಾಕಿಸಿ ಹಂಚುತ್ತಿತ್ತು. ನಮ್ಮೂರು ವಾಸಕ್ಕೆ ಬಲು ಚೆಂದ, ಒಬ್ಬ ನೀಗ್ರೋ ಕೂಡ ಇಲ್ಲ ಎನ್ನುವ ಅರ್ಥದ ಜಾಹೀರಾತು ಅದರ ಮೇಲೆ! ಅವಮಾನವನ್ನೇ ಪ್ರವಾಸಿ ಆಕರ್ಷಣೆ ಮಾಡಿ, ಸ್ಟಾಂಪು ಹಚ್ಚಿ ನೆಂಟರಿಗೆ ಕಳಿಸುತ್ತಿದ್ದ ಜನ.

ಇನ್ನು ಓಕ್ಲಹೋಮ ಸಿಟಿ. ಇಲ್ಲಿಯ ಕಥೆಯನ್ನು ನಮ್ಮ ಹಳ್ಳಿಯ ಮೇಷ್ಟರುಗಳು, ಮೇಡಂಗಳು ಗಮನವಿಟ್ಟು ಓದಬೇಕು. ಕ್ಲಾರಾ ಲೂಪರ್ ಎಂಬ ಕರಿಯ ಹೆಂಗಸು ಅಲ್ಲಿ ಇತಿಹಾಸದ ಮೇಡಂ. 1957ರಲ್ಲಿ ತಮ್ಮ ಮಕ್ಕಳಿಂದ ಮಾರ್ಟಿನ್ ಲೂಥರ್ ಕಿಂಗ್ ಕುರಿತ ನಾಟಕ ಆಡಿಸಲು ನ್ಯೂಯಾರ್ಕಿಗೆ ಕರೆದುಕೊಂಡು ಹೋದರು. ಹೋಗುವಾಗ ಉತ್ತರದ ದಾರಿ. ಆ ದಾರಿಯ ಹೋಟೆಲುಗಳಲ್ಲಿ ಮಕ್ಕಳು ಮೊಟ್ಟಮೊದಲ ಸಲ ಬಿಳಿಯರ ಪಕ್ಕದಲ್ಲಿ ಕೂತು ತಿಂದರು. ಬರುವಾಗ ದಕ್ಷಿಣದ ದಾರಿ, ಮತ್ತೆ ಅದೇ ಮುಚ್ಚಿದ ಬಾಗಿಲು. ರಸ್ತೆ ಅವರಿಗೆ ಪಾಠ ಮಾಡಿತ್ತು. ಒಂದು ಕಡೆ ಆಗುವುದು ಇನ್ನೊಂದು ಕಡೆ ಯಾಕಾಗುವುದಿಲ್ಲ? ಊರಿಗೆ ಬಂದು ಒಂದು ವರ್ಷಕ್ಕೂ ಮೇಲೆ ಅರ್ಜಿ, ಮನವಿ, ಮಾತುಕತೆ ಎಲ್ಲ ಮಾಡಿ ನೋಡಿದರು. ಕೆಲಸವಾಗಲಿಲ್ಲ. 1958ರ ಆಗಸ್ಟ್ 19ರಂದು ಮೇಡಂ 13 ಮಕ್ಕಳನ್ನು ಕರೆದುಕೊಂಡು ಕ್ಯಾಟ್ಸ್ ಎಂಬ ಅಂಗಡಿಯ ತಿಂಡಿ ಕಟ್ಟೆಗೆ ಹೋಗಿ ಕೂತು, ಕೋಕಾಕೋಲಾ ಕೊಡಿ ಅಂದರು. ಕೊಡಲಿಲ್ಲ. ಇವರು ಏಳಲಿಲ್ಲ. ಸುತ್ತ ನಿಂತವರು ಬೈದರು, ಉಗಿದರು. ಮಕ್ಕಳು ಕೂತೇ ಇದ್ದರು, ಮರುದಿನವೂ ಬಂದರು. ಕೆಲವೇ ದಿನಕ್ಕೆ ಅಂಗಡಿ ಮಣಿಯಿತು, ಬೇರೆ ರಾಜ್ಯಗಳ ತನ್ನ ಅಂಗಡಿಗಳಲ್ಲೂ ಭೇದ ಬಿಟ್ಟಿತು. ಜಗತ್ತಿಗೆಲ್ಲ ಗೊತ್ತಾದ ಗ್ರೀನ್ಸ್‌ಬರೋ ಧರಣಿ ನಡೆದದ್ದು 1960ರಲ್ಲಿ, ಇದಾದ ಒಂದೂವರೆ ವರ್ಷಕ್ಕೆ. ಊರಿನ ಉಳಿದ ಹೋಟೆಲುಗಳ ಮುಂದೆ ಲೂಪರ್ ಮತ್ತು ಅವರ ಮಕ್ಕಳು 1964ರವರೆಗೂ ಕೂತರು. ಆ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಕರಿಯರಿಗೆ ಕೋಣೆ ಕೊಡೆನೆಂದು ಅಟ್ಲಾಂಟಾದ ಒಂದು ಮೋಟೆಲು ಸುಪ್ರೀಂ ಕೋರ್ಟಿಗೆ ಹೋಗಿ ಅದೇ ಡಿಸೆಂಬರಿನಲ್ಲಿ ಸೋತಿತು.

ರಸ್ತೆಗೆ ಕೀರ್ತಿ ತಂದ ಹಾಡಿನ ವಿಷಯ ಹೇಳದಿದ್ದರೆ ಪ್ರವಾಸಪ್ರಿಯರು ಮುನಿಸಿಕೊಂಡಾರು. ಅದನ್ನು ಬರೆದದ್ದು ಬಾಬಿ ಟ್ರೂಪ್ ಎಂಬ ಬಿಳಿಯ, 1946ರಲ್ಲಿ ಈ ದಾರಿಯಲ್ಲಿ ಲಾಸ್ ಏಂಜಲೀಸಿಗೆ ಕಾರಿನಲ್ಲಿ ಬಂದು. ಅದೇ ವರ್ಷ ಹಾಡಿ ಮನೆಮಾತು ಮಾಡಿದ್ದು ನ್ಯಾಟ್ ಕಿಂಗ್ ಕೋಲ್, ಕರಿಯ ಗಾಯಕ. ಹಾಡಿನಲ್ಲಿ ಊರುಗಳ ಹೆಸರು ಸಾಲಾಗಿ ಬರುತ್ತವೆ. ಆ ಊರುಗಳ ಎಷ್ಟೋ ಹೋಟೆಲುಗಳಲ್ಲಿ ಹಾಡಿದವನಿಗೇ ಕೋಣೆ ಸಿಗುತ್ತಿರಲಿಲ್ಲ. 1948ರಲ್ಲಿ ಆತ ಲಾಸ್ ಏಂಜಲೀಸಿನ ಹ್ಯಾನ್‌ಕಾಕ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡಾಗ ನೆರೆಯವರು ಸಂಘ ಕಟ್ಟಿಕೊಂಡು ವಿರೋಧಿಸಿದರು. ದನಿ ಬೇಕು, ಮನುಷ್ಯ ಬೇಡ. ತಮಟೆಯ ನಾದ ಬೇಕು, ಬಾರಿಸುವವನು ಮಾತ್ರ ಹೊರಗೆ ನಿಲ್ಲಬೇಕು ಎನ್ನುವ ನಮ್ಮ ಊರಹಬ್ಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1960ರಿಂದ 64ರವರೆಗೆ ರಸ್ತೆಯ ಹೆಸರಿನಲ್ಲೇ ಟಿವಿ ಧಾರಾವಾಹಿ ಬಂತು. ಚಂದದ ಕಾರು, ಅದರಲ್ಲಿ ಇಬ್ಬರು ಬಿಳಿಯ ತರುಣರು.

ಮೂಲನಿವಾಸಿಗಳ ಕಡೆಗೂ ಒಂದು ಮಾತು. ನ್ಯೂ ಮೆಕ್ಸಿಕೋ, ಅರಿಜೋನಾಗಳಲ್ಲಿ ರಸ್ತೆ ಅವರ ಹೊಲಗೇರಿಗಳ ನಡುವೆಯೇ ಹಾಯುತ್ತದೆ. ಪ್ರವಾಸಿಗಳು ಕಾರು ನಿಲ್ಲಿಸಿ ಅವರ ಮಡಕೆ, ಕಂಬಳಿ, ಬೆಳ್ಳಿ ಒಡವೆ ಕೊಳ್ಳುತ್ತಿದ್ದರು, ಜೊತೆಗೆ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಾಗೆ ಫೋಟೋಕ್ಕೆ ನಿಂತವರಿಗೆ ಆ ಎರಡು ರಾಜ್ಯಗಳಲ್ಲಿ 1948ರವರೆಗೆ ಓಟು ಇರಲಿಲ್ಲ! ಇಸ್ಲೆಟಾ ಎಂಬ ಹಳ್ಳಿಯ ಮಿಗೆಲ್ ಟ್ರುಹೀಯೋ ಶಾಲಾ ಶಿಕ್ಷಕ, ಎರಡನೇ ಮಹಾಯುದ್ಧದಲ್ಲಿ ಅಮೆರಿಕಾದ ಪರವಾಗಿ ಸೇವೆ ಮಾಡಿ ಬಂದವರು. 1937ಕ್ಕೆ ಮುಂಚಿನ 66 ಅವರ ಹಳ್ಳಿಯ ಮೇಲೇ ಹೋಗುತ್ತಿತ್ತು. ಅದೇ ಹಾದಿಯ ಲಾಸ್ ಲೂನಾಸ್ ಊರಿಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂದರೆ ಗುಮಾಸ್ತ ಆಗುವುದಿಲ್ಲ ಅಂದ. ಮೇಷ್ಟರು ಕೋರ್ಟಿಗೆ ಹೋಗಿ 1948ರ ಆಗಸ್ಟಿನಲ್ಲಿ ಗೆದ್ದರು. ಅದೇ ಹೊತ್ತಿಗೆ ರಸ್ತೆಬದಿಯಲ್ಲಿ ಸಿಮೆಂಟಿನ ಡೇರೆಗಳು ಏಳುತ್ತಿದ್ದವು. ಅರಿಜೋನಾದ ಹೋಲ್‌ಬ್ರೂಕ್‌ನಲ್ಲಿ 1950ರಲ್ಲಿ ಕಟ್ಟಿದ ಮೋಟೆಲಿನ ಒಂದೊಂದು ಕೋಣೆಯೂ ಇಂಡಿಯನ್ನರ ಡೇರೆಯ ಆಕಾರ. ಅಂಥ ಡೇರೆ ದೂರದ ಬಯಲುನಾಡಿನ ಬುಡಕಟ್ಟುಗಳದು. ಆ ಊರಿನ ಸುತ್ತ ಇರುವ ನವಾಹೋ ಜನ ಮರ ಮಣ್ಣಿನ ದುಂಡು ಮನೆ ಕಟ್ಟುವವರು, ಹೋಪಿಗಳು ಕಲ್ಲಿನ ಮನೆಯವರು. ಅವರ ನಿಜವಾದ ಮನೆ ನೂರು ಗಜದಲ್ಲಿ ಇದ್ದರೂ ಪ್ರವಾಸಿಗೆ ಬೇಕಾಗಿದ್ದು ಸಿನಿಮಾದ ಡೇರೆ.

1956ರಲ್ಲಿ ಐಸೆನ್‌ಹೋವರ್ ಹೊಸ ಹೆದ್ದಾರಿಗಳ ಕಾನೂನಿಗೆ ಸಹಿ ಹಾಕಿದ ಮೇಲೆ 66ರ ಆಯುಸ್ಸು ಎಣಿಕೆಗೆ ಬಂತು. ನಾಲ್ಕು ಪಥದ, ಊರಿಗೆ ಬೆನ್ನು ಹಾಕಿದ ರಸ್ತೆಗಳು. ಅರಿಜೋನಾದ ಸೆಲಿಗ್‌ಮನ್ ಊರಿನ ಪಕ್ಕ ಹೊಸ ರಸ್ತೆ ತೆರೆದದ್ದು 1978ರ ಸೆಪ್ಟೆಂಬರ್ 22. ಅವತ್ತಿನಿಂದ ಊರಿನ ಬೀದಿ ಭಣಗುಟ್ಟಿತು. 1984ರ ಅಕ್ಟೋಬರಿನಲ್ಲಿ ವಿಲಿಯಮ್ಸ್ ಎಂಬ ಕೊನೆಯ ಊರನ್ನೂ ಬಳಸಿ ಹೋದರು. 1985ರ ಜೂನ್ 27ರಂದು ನಂಬರನ್ನೇ ರದ್ದು ಮಾಡಿದರು. ಸೆಲಿಗ್‌ಮನ್ನಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೋ, ಮೆಕ್ಸಿಕೋ ಮೂಲದ ಮನೆತನದವರು, ಸುಮ್ಮನೆ ಕೂರಲಿಲ್ಲ. ಅಕ್ಕಪಕ್ಕದ ಊರಿನವರನ್ನು ಸೇರಿಸಿ 1987ರಲ್ಲಿ ಸಂಘ ಕಟ್ಟಿ, ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ವರೆಗಿನ ತುಂಡನ್ನು ಚಾರಿತ್ರಿಕ ರಸ್ತೆ ಎಂದು ರಾಜ್ಯ ಸರ್ಕಾರ ಅದೇ ವರ್ಷ ಘೋಷಿಸುವ ಹಾಗೆ ಮಾಡಿದರು. ಉಳಿದ ರಾಜ್ಯಗಳು ಅದನ್ನೇ ಹಿಡಿದವು. ದೇಶವಿದೇಶದ ಜನ ಮತ್ತೆ ಬರತೊಡಗಿದರು. ಇಂಜಿನಿಯರುಗಳು ಸತ್ತಿದೆ ಎಂದ ರಸ್ತೆಯನ್ನು ಕತ್ತರಿ ಬಾಚಣಿಗೆ ಹಿಡಿದ ಕೈ ಎಬ್ಬಿಸಿತು ಅನ್ನುವುದು ನಮಗೆ ಖುಷಿಯ ಸಂಗತಿ.

ಇನ್ನೊಂದು ವಿಚಿತ್ರ. ಹೊಸ ಹೆದ್ದಾರಿ ಬಂದು ಬೆಲೆ ಕುಸಿದ ಹಳೆ ಮೋಟೆಲುಗಳನ್ನು ಕೊಂಡವರಲ್ಲಿ ಬಹಳ ಜನ ನಮ್ಮ ದೇಶದ ಗುಜರಾತಿಗಳು. 1970, 80ರ ದಶಕಗಳಲ್ಲಿ ಅವರ ಎದುರು ಅಂಗಡಿಯವರು, ಈ ಮೋಟೆಲಿನ ಮಾಲೀಕರು ಅಮೆರಿಕನ್ನರು ಎಂಬ ಬೋರ್ಡು ತಗುಲಿಸಿದರು. ಓದಿದವನಿಗೆ ಅರ್ಥವಾಗುತ್ತಿತ್ತು. ವಿಮಾ ಕಂಪನಿಗಳೂ ಬ್ಯಾಂಕುಗಳೂ ಮುಖ ತಿರುಗಿಸಿದವು. ಊರಿನಲ್ಲಿ ಮೇಲುಜಾತಿ ಎನಿಸಿಕೊಂಡವರಿಗೆ ಬೋರ್ಡಿನ ಆಚೆ ನಿಲ್ಲುವುದು ಹೇಗಿರುತ್ತದೆ ಎಂಬುದರ ರುಚಿ ಅಲ್ಲಿ ಸ್ವಲ್ಪ ಹತ್ತಿತು. ಹತ್ತಿದ ರುಚಿ ಊರಿನವರೆಗೂ ಬಂತೋ ಇಲ್ಲವೋ, ಅವರೇ ಹೇಳಬೇಕು.

ಸುಟ್ಟ ಮೇಲೆ ಮತ್ತೆ ಎದ್ದಿದ್ದ ಟಲ್ಸಾದ ಗ್ರೀನ್‌ವುಡ್‌ನ ನಡುವೆಯೇ 244ನೇ ನಂಬರಿನ ಹೊಸ ಹೆದ್ದಾರಿಯನ್ನು ಎತ್ತರಕ್ಕೆ ಕಟ್ಟಿ ಹಾಯಿಸಿದರು. 1921ರ ಬೆಂಕಿ ಉಳಿಸಿದ್ದನ್ನು ಕಾಂಕ್ರೀಟು ಮುಗಿಸಿತು. ಆ ಕೇರಿಯ ಅಂಗಡಿಸಾಲಿನಲ್ಲಿ ಉಳಿದಿರುವುದು ಬೆರಳೆಣಿಕೆಯ ಕಟ್ಟಡಗಳು. ಲೂಥರಿನ ಥ್ರೆಟ್ ಬಂಕೂ 1970ರ ದಶಕದಲ್ಲಿ ಮುಚ್ಚಿತು. 1995ರಲ್ಲಿ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. 2021ರಲ್ಲಿ ಇನ್ನೊಂದು ಪಟ್ಟಿಗೂ ಸೇರಿತು, ದೇಶದಲ್ಲಿ ಬೀಳುವ ಅಪಾಯದಲ್ಲಿರುವ ಹನ್ನೊಂದು ಸ್ಥಳಗಳ ಪಟ್ಟಿಗೆ. ಮನೆತನದ ಮಕ್ಕಳು ಮೊಮ್ಮಕ್ಕಳು ಆ ಕಟ್ಟಡವನ್ನು ಬೇರೆಯವರಿಗೆ ಮಾರದೆ ಇಟ್ಟುಕೊಂಡು ರಿಪೇರಿಗೆ ಕೈ ಹಾಕಿದರು. ಕಲ್ಲು ಅವರ ಹೊಲದ್ದೇ.